ಬುಟ್ಟಿ ಮುಚ್ಚುವ ಬಟ್ಟೆ

ನನ್ನ ಅಣ್ಣನ ಹೆಂಡತಿ ತನ್ನ ಒಬ್ಬಳೇ ಮಗಳ ಮದುವೆಗೆಂದು ಕೈಯಾರೆ ಹೊಲಿದ ತೆರೆಯನ್ನು ನಾನು ‘ಬುಟ್ಟಿ ಮುಚ್ಚುವ ಬಟ್ಟೆ’ ಎಂದೆ. ಅಂದದ್ದಷ್ಟೇ ಅಲ್ಲ — ಬುಟ್ಟಿಯ ಮೇಲೆಯೇ ಹಾಕಿದೆ. ಅದೇ ದಿನ, ಅದೇ ಅತ್ತಿಗೆಯ ಕೈ ಹಿಡಿದುಕೊಂಡು, ‘ನಿನ್ನ ತೆರೆಯನ್ನೇ ಹಿಡಿದರು’ ಎಂದೂ ಹೇಳಿದೆ. ಎರಡನ್ನೂ ಹೇಳಿದ್ದು ಒಂದೇ ನಾಲಿಗೆ. ಒಂಬತ್ತು ವರ್ಷವಾಯಿತು. ಈ ನಾಲಿಗೆಯ ಮೇಲೇ ಮೂರು ಹೊತ್ತೂ ಅನ್ನ ಇಟ್ಟುಕೊಳ್ಳುತ್ತೇನಲ್ಲ ಎಂದು ನೆನೆದಾಗ ನನಗೆ ಹೇಸಿಗೆಯಾಗುತ್ತದೆ.

ತೆರೆ ಎಂದರೆ ಧಾರೆಯ ಹೊತ್ತಿಗೆ ಗಂಡು ಹೆಣ್ಣಿನ ನಡುವೆ ಅಡ್ಡ ಹಿಡಿಯುವ ಬಟ್ಟೆ. ಮುಹೂರ್ತ ಬಂದಾಗ ಗಟ್ಟಿಮೇಳ ಬಾರಿಸುತ್ತಾರೆ, ಬಟ್ಟೆ ಕೆಳಗಿಳಿಯುತ್ತದೆ, ಇಬ್ಬರೂ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ. ಐದು ನಿಮಿಷದ ಕೆಲಸ. ಎಷ್ಟೋ ಮನೆಗಳಲ್ಲಿ ಯಾವುದಾದರೂ ಹೊಸ ಪಂಚೆ ಹಿಡಿದು ಮುಗಿಸುತ್ತಾರೆ. ನಮ್ಮ ಮನೆಯಲ್ಲಿ ಹಾಗಲ್ಲ. ತೆರೆಯನ್ನು ಹೆಣ್ಣಿನ ತಾಯಿಯೇ ಆರಿಸಬೇಕು, ತಾಯಿಯೇ ಹೊಲಿಯಬೇಕು. ಮದುವೆಯಾದ ಮೇಲೆ ಮಡಿಸಿಟ್ಟು ಮೊದಲ ಮಗುವಿನ ತೊಟ್ಟಿಲಿಗೆ ಹಾಸಬೇಕು. ನನ್ನ ಅಮ್ಮ ನನಗೆ ಹಾಗೆಯೇ ಮಾಡಿದ್ದಳು. ಆದರೆ ಪವಿತ್ರಳ ತಾಯಿ, ನನ್ನ ಅತ್ತಿಗೆ ಪುಟ್ಟತಾಯಮ್ಮ, ಗಂಡನನ್ನು ಕಳೆದುಕೊಂಡವಳು. ಪವಿತ್ರ ಮೂರನೇ ಕ್ಲಾಸಿನಲ್ಲಿದ್ದಾಗ ಅಣ್ಣ ಹೋದ. ಅಲ್ಲಿಂದ ಹೆಮ್ಮರಗಾಲದ ಅರ್ಧ ಎಕರೆ ಅರಿಶಿನದ ಹೊಲ, ಒಂದು ಹೊಲಿಗೆ ಮೆಷಿನ್ನು — ಇವೆರಡರಲ್ಲೇ ಮಗಳನ್ನು ಸಾಕಿದಳು. ನಾನು ಟೀಚರ್ ಟ್ರೈನಿಂಗ್ ಓದುವಾಗ ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟವಳೂ ಅವಳೇ.

ನಾನು ಏನು ಎಂಬುದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಈ ಕೊಳಕು ಪೂರ್ತಿ ಕಾಣುವುದಿಲ್ಲ. ನಾನು ತಿ. ನರಸೀಪುರದ ಗಿರಿಜಾ ಟೀಚರ್. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ಮಠದ ಕಾರ್ಯಕ್ರಮ ಯಾವುದೇ ಇರಲಿ, ಹೆಂಗಸರಿಗೆ ನಾಲ್ಕು ಮಾತು ಹೇಳಲು ನನ್ನನ್ನೇ ಕರೆಯುತ್ತಿದ್ದರು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ — ಐದು ಸೂತಕವೂ ನಮಗಿಲ್ಲ ಎಂದು ಬೆರಳು ಮಡಿಸಿ ಎಣಿಸಿ ಹೇಳುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಮಕ್ಕಳಿಗೆ ವಿವರಿಸಿ ಬರೆಸುತ್ತಿದ್ದವಳೂ ನಾನೇ.

ಪವಿತ್ರಳಿಗೆ ಸಂಬಂಧ ಕೂಡಿಸಿದ್ದು ನಾನು. ಹುಡುಗ ನಮ್ಮ ನರಸೀಪುರದವನೇ, ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಮನೆತನ ಒಳ್ಳೆಯದು, ಊರಲ್ಲಿ ಹೆಸರಿತ್ತು. ಆ ಹೆಸರಿನ ಪಕ್ಕದಲ್ಲಿ ನನ್ನ ಹೆಸರೂ ಚೆನ್ನಾಗಿ ಕಾಣಬೇಕು ಎನ್ನುವ ಆಸೆ... ಇತ್ತು. ಇಲ್ಲ ಎನ್ನಲಾರೆ.

ಮದುವೆಗೆ ತಿಂಗಳಿರುವಾಗ ಅತ್ತಿಗೆ ನನ್ನನ್ನು ಕರೆದುಕೊಂಡು ನಂಜನಗೂಡಿನ ಬಜಾರಿಗೆ ಹೋದಳು. ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ನಿಂತು ಕೇಳಿದಳು, “ಗಿರಿಜ, ತೆರೇನ ನಾನ್ ಒಲಿಬೋದಾ? ಯಾರೂ ಏನೂ ಅನ್ನಕಿಲ್ವಾ?”

ನಾನು ಅಲ್ಲೇ, ಮೆಟ್ಟಿಲ ಮೇಲೇ ಭಾಷಣ ಮಾಡಿದೆ. ನಮ್ಮಲ್ಲಿ ಅದೆಲ್ಲ ಇಲ್ಲ ಅತ್ತಿಗೆ, ನೀನು ತಾಯಿ, ನೀನಲ್ಲದೆ ಇನ್ಯಾರು ಹೊಲಿಯಬೇಕು, ಯಾರಾದರೂ ಒಂದು ಮಾತಾಡಲಿ ನಾನು ನೋಡಿಕೊಳ್ಳುತ್ತೇನೆ — ಎಂದೆಲ್ಲ. ಅವಳು ನನ್ನ ಮಾತನ್ನು ನಂಬಿದಳು. ಓದಿದವಳು ಹೇಳುತ್ತಿದ್ದಾಳೆ ಎಂದು ನಂಬಿದಳು.

ಅಂಗಡಿಯವನು ಮೊದಲು ತೆಗೆದದ್ದು ಕಡುಗೆಂಪು ಸ್ಯಾಟಿನ್, ಅಂಚಿಗೆ ಜರಿ ಲೇಸು. “ಈಗೆಲ್ಲ ಇದೇ ಅಕ್ಕ ಓಡ್ತಿರೋದು, ರೆಡಿಮೇಡು.” ಅತ್ತಿಗೆ ಎರಡು ಬೆರಳಲ್ಲಿ ಹಿಡಿದು ನೋಡಿ ಕೆಳಗಿಟ್ಟಳು. “ಇದು ಜಾರ್ತದೆ ಕಣಪ್ಪ. ಇಡ್ಕಂಡೋರ್ ಕೈ ಬೆವತ್ರೆ ಕರೆ ಕೂತ್ಕತದೆ.” ನೆಟ್ ಬಟ್ಟೆ ತೆಗೆದ. “ಇದ್ರಲ್ಲಿ ಮೊಕ ಕಾಣ್ತದೆ. ಕಾಣೋಂಗಿದ್ರೆ ತೆರೆ ಯಾಕೆ?” ಪಾಪ್ಲಿನ್ ತೆಗೆದ. ಅದು ಸೆಟೆದುಕೊಂಡು ನಿಲ್ಲುತ್ತದೆ, ಬಿಟ್ಟಾಗ ಬೀಳುವುದಿಲ್ಲ ಎಂದಳು. ಮಧ್ಯಾಹ್ನದವರೆಗೆ ಮೂರು ಅಂಗಡಿ ತಿರುಗಿದೆವು, ನನಗೆ ಕಾಲು ನೋವು, ಬೇಸರ. ಕೊನೆಗೆ ಬಸ್ಸು ಹತ್ತಿ ತಗಡೂರಿಗೆ ಹೋಗಿ ಖಾದಿ ಬಟ್ಟೆ ನೋಡಿದೆವು. ಬಿಳಿಯದು, ಒಂದೂವರೆ ಗಜ ಅಗಲದ್ದು. ಅತ್ತಿಗೆ ಬಟ್ಟೆಯ ಎರಡು ತುದಿ ಹಿಡಿದು ಬಾಗಿಲ ಬಿಸಿಲಿಗೆ ನಿಂತಳು.

“ಆಚೆಗ್ ನಿಂತ್ಕೊ ಗಿರಿಜ. ನಾನ್ ಕಾಣ್ತೀನಾ?”

“ನೆರಳು ಕಾಣುತ್ತೆ.”

“ಮೊಕ?”

“ಇಲ್ಲ.”

“ಅಷ್ಟಿರ್ಲಿ. ಆಚೆಗೆ ಯಾರೋ ಅವ್ರೆ ಅಂತ ಗೊತ್ತಾಗ್ಬೇಕು. ಯಾರು ಅಂತ ಗೊತ್ತಾಗ್ಬಾರ್ದು.”

ಬಣ್ಣಕ್ಕೂ ಅಷ್ಟೇ ಯೋಚನೆ. ನಾನು ಕೆಂಪು ಹಾಕಿಸೋಣ ಎಂದೆ. ಬಟ್ಟೆಯ ಬಣ್ಣ ಹುಡುಗಿಯ ಮುಖದ ಮೇಲೆ ಬೀಳುತ್ತದೆ, ಕೆಂಪು ಬಿದ್ದರೆ ಸಿಟ್ಟಾದ ಹಾಗೆ ಕಾಣುತ್ತದೆ ಎಂದಳು. “ಅರಿಶಿನ ಬಿದ್ರೆ ಎಂತಾ ಮೊಕಾನೂ ಚೆಂದ.” ತನ್ನದೇ ಹೊಲದ ಅರಿಶಿನ ಬೇಯಿಸಿ, ಕುಟ್ಟಿ, ಬಟ್ಟೆಯನ್ನು ಅದ್ದಿ ನೆರಳಲ್ಲಿ ಒಣಗಿಸಿದಳು. ಅವತ್ತು ನಾನು ಸೋಪಿನಲ್ಲಿ ಕೈತೊಳೆದು, ಒದ್ದೆ ಕೈಯಲ್ಲೇ ಬಟ್ಟೆ ಮುಟ್ಟಿದೆ. ನನ್ನ ಐದು ಬೆರಳೂ ಕೆಂಪಗೆ ಮೂಡಿದವು. ನಾನು ಗಾಬರಿಯಾದೆ, ಅವಳು ನಕ್ಕಳು. “ಸೋಪು ಕಂಡ್ರೆ ಅರಿಶಿನ ಕೆಂಪಾಯ್ತದೆ ಕಣವ್ವ. ನಿಜವಾದ್ ಅರಿಶಿನ ಆದ್ರೆ.” ನಿಂಬೆಹುಳಿ ಹಿಂಡಿದ ನೀರಲ್ಲಿ ಜಾಲಾಡಿದಳು, ಮತ್ತೆ ಹಳದಿಯಾಯಿತು. ಆಮೇಲೆ ಸುತ್ತ ಕೆಂಪು ದಾರದ ಅಂಚು, ನಾಲ್ಕು ಮೂಲೆಗೂ ಮೂರೆಲೆಯ ಒಂದೊಂದು ಬಿಲ್ವಪತ್ರೆ. ಮೆಷಿನ್ನಿನಲ್ಲಲ್ಲ, ಕೈಯಲ್ಲಿ.

ಮದುವೆ ನಮ್ಮ ನರಸೀಪುರದ ಮಂಟಪದಲ್ಲಿ. ಬೆಳಿಗ್ಗೆ ನಾನು ಅತ್ತಿಗೆಯ ಕೈಗೆ ಒಂದು ಬೀಗದ ಕೈ ಕೊಟ್ಟೆ. “ತಾಂಬೂಲದ ರೂಮು ನೀನು ನೋಡಿಕೋ ಅತ್ತಿಗೆ, ಬೇರೆ ಯಾರನ್ನೂ ನಂಬೋಕಾಗಲ್ಲ.” ದೊಡ್ಡ ಜವಾಬ್ದಾರಿ ಕೊಟ್ಟಂತೆ ಕೊಟ್ಟೆ. ಧಾರೆಯ ಹೊತ್ತಿಗೆ ಅವಳು ಮುಂದೆ ಬಂದು ನಿಲ್ಲದಿರಲಿ ಎಂದು ಕೊಟ್ಟೆ. ಅವಳಿಗೂ ಅದು ಗೊತ್ತಾಯಿತು. ತಲೆಯಾಡಿಸಿ ಹೋಗಿ ತೆಂಗಿನಕಾಯಿ, ಎಲೆ ಅಡಿಕೆಯ ಚೀಲಗಳ ನಡುವೆ ಕುಳಿತಳು. ಹೀಗೆ ಸಿಹಿಯಾಗಿ ಮಾತಾಡಿ ಮನುಷ್ಯರನ್ನು ಮೂಲೆಗೆ ಕೂರಿಸುವ ವಿದ್ಯೆಯನ್ನು ನಾನು ಯಾವ ಶಾಲೆಯಲ್ಲಿ ಕಲಿತೆನೋ!

ಧಾರೆಯ ಸಾಮಾನೆಲ್ಲ ತಟ್ಟೆಗಳಲ್ಲಿ ಜೋಡಿಸುತ್ತಿದ್ದೆ. ಹುಡುಗನ ದೊಡ್ಡಮ್ಮ ಮಲ್ಲಮ್ಮನವರು ಬಂದರು, ಆ ಮನೆಯಲ್ಲಿ ಅವರ ಮಾತೇ ಮಾತು. ಅವರ ಹಿಂದೆ ನಾಲ್ಕೈದು ಹೆಂಗಸರು. ತೆರೆಯನ್ನು ಎತ್ತಿಕೊಂಡರು. ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

“ಟೀಚರಮ್ಮ, ಇದನ್ನ ಯಾರು ಒಲ್ದಿದ್ದು?”

ಅಷ್ಟೇ ಕೇಳಿದ್ದು. ಗಂಡ ಸತ್ತವಳು ಹೊಲಿದ ತೆರೆಯನ್ನು ಹೊಸ ಜೋಡಿಯ ನಡುವೆ ಹಿಡಿಯುತ್ತೀರಾ — ಎಂದು ಅವರು ಇನ್ನೂ ಕೇಳಿರಲಿಲ್ಲ, ನಾನೇ ಅವರ ಬಾಯಿಂದ ಕೇಳಿಸಿಕೊಂಡೆ. ನಗುತ್ತಾ ಅಂದೆ: “ಇದಾ? ಇದು ಬುಟ್ಟಿ ಮುಚ್ಚೋ ಬಟ್ಟೆ ದೊಡ್ಡಮ್ಮ. ತೆರೆ ಬೇರೆ ಬರ್ತಾ ಇದೆ.”

“ಓ, ಅಂಗಾ” ಎಂದು ಅವರು ಕೆಳಗಿಟ್ಟು ಹೋದರು. ಹೇಳಿದ ಮಾತು ನಿಜವಾಗಬೇಕಲ್ಲ — ಬಟ್ಟೆಯನ್ನು ಹಣ್ಣಿನ ಬುಟ್ಟಿಯ ಮೇಲೆ ಹಾಸಿದೆ. ನನ್ನ ಗಂಡನನ್ನು ಅಂಗಡಿಗೆ ಓಡಿಸಿದೆ. ಅವರು ತಂದದ್ದು ಏನೆಂದುಕೊಂಡಿರಿ? ಅದೇ ಕಡುಗೆಂಪು ಸ್ಯಾಟಿನ್, ಅದೇ ಜರಿ ಲೇಸು.

ಸ್ವಲ್ಪ ಹೊತ್ತಿಗೆ ಅಡಿಗೆಯವನು ಬಂದು, “ಅನ್ನ ಬಸಿಯಕ್ಕೆ ಬಟ್ಟೆ ಸಾಲ್ದು” ಎನ್ನುತ್ತಾ ಬುಟ್ಟಿಯ ಮೇಲಿಂದ ಅದನ್ನು ಎಳೆದುಕೊಂಡು ಹೋದ. ನಾನು ಎರಡು ಮಾರು ದೂರದಲ್ಲಿದ್ದೆ. ‘ಅದು ಬೇಡಪ್ಪ’ ಎಂದಿದ್ದರೆ ಸಾಕಿತ್ತು. ಆದರೆ ಮಲ್ಲಮ್ಮನವರು ಅಲ್ಲೇ ನಿಂತಿದ್ದರು. ಬುಟ್ಟಿ ಮುಚ್ಚುವ ಬಟ್ಟೆಗೆ ಅಷ್ಟು ಅಕ್ಕರೆ ಯಾಕೆ ಎಂದುಕೊಂಡರೆ? ನಾನು ಸುಮ್ಮನೆ ವೀಳ್ಯದೆಲೆ ಒರೆಸುತ್ತಾ ಕುಳಿತೆ.

ಪವಿತ್ರಳಿಗೆ ತಾಯಿಯ ತೆರೆ ಗೊತ್ತಿತ್ತು. ಅದಕ್ಕೂ ದಾರಿ ಹುಡುಕಿದೆ. ಅವಳನ್ನು ಕರೆತರುವಾಗ ಕಿವಿಯಲ್ಲಿ ಹೇಳಿದೆ, “ಅಮ್ಮ ಹೊಲಿದಿದ್ದರ ಮೇಲೆ ಸಾರು ಚೆಲ್ಲಿಬಿಡ್ತು ಮಗಳೇ. ಅವಳಿಗೆ ಹೇಳ್ಬೇಡ, ನೊಂದ್ಕೋತಾಳೆ.” ಬಾಸಿಂಗ ಕಟ್ಟಿದ ತಲೆಯನ್ನು ಆ ಹುಡುಗಿ ಆಡಿಸಿತು. ತಾಯಿಯನ್ನು ನೋಯಿಸಬಾರದೆಂದು ಆಡಿಸಿತು. ಮದುವೆಯ ಹಸೆಯ ಮೇಲೆ ಕೂರುವ ಮೊದಲೇ ಅವಳನ್ನು ನನ್ನ ಸುಳ್ಳಿಗೆ ಪಾಲುದಾರಳನ್ನಾಗಿ ಮಾಡಿದೆ.

ಸ್ಯಾಟಿನ್ನಿನ ಒಂದು ತುದಿ ಹಿಡಿದವಳು ನಾನೇ. ಎರಡು ಸಲ ಕೈಯಿಂದ ಜಾರಿತು. ನನ್ನ ಬೆವರಿನ ಕರೆ ಅದರ ಮೇಲೆ ಕಪ್ಪಗೆ ಕೂತಿತ್ತು, ಅತ್ತಿಗೆ ಅಂಗಡಿಯಲ್ಲಿ ಹೇಳಿದ ಹಾಗೆಯೇ. ಗಟ್ಟಿಮೇಳ ಬಾರಿಸಿದರು.

ಆಮೇಲೆ ತಾಂಬೂಲದ ರೂಮಿಗೆ ಹೋದೆ. ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು.

“ತೆರೆ ಸಲೀಸಾಗಿ ಬಿತ್ತಾ ಗಿರಿಜ?”

ನಾನು ಅವಳ ಎರಡೂ ಕೈ ಹಿಡಿದುಕೊಂಡೆ. “ಹೂವಿನ ಹಾಗೆ ಬಿತ್ತು ಅತ್ತಿಗೆ. ನಿನ್ನ ತೆರೆಯನ್ನೇ ಹಿಡಿದರು.”

“ಮಗೀನ್ ಮೊಕದ್ ಮ್ಯಾಲೆ ಹಳದಿ ಬಿದ್ದಿತ್ತಾ?”

“ಬಿದ್ದಿತ್ತು.”

ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನಾನು — ನಾನೂ ಕಣ್ಣು ಒರೆಸಿಕೊಂಡೆ. ಬರದ ನೀರನ್ನು ಒರೆಸಿಕೊಂಡೆ.

ಊಟದ ಪಂಕ್ತಿಗಳು ಮುಗಿದ ಮೇಲೆ ಮಂಟಪದ ಹಿಂದೆ ಹೋದಾಗ ಅದು ಕಂಡಿತು. ಎಂಜಲೆಲೆಗಳ ರಾಶಿಯ ಪಕ್ಕ, ಪಾತ್ರೆ ತೊಳೆದ ನೀರು ಹರಿಯುವ ಕಡೆ ಬಿದ್ದಿತ್ತು. ಗಂಜಿ ಮೆತ್ತಿ ಲೋಳೆಯಾಗಿತ್ತು, ಅನ್ನದ ಅಗುಳು ಅಂಟಿಕೊಂಡಿತ್ತು, ನೊಣ ಮುತ್ತಿದ್ದವು. ಸೋಪಿನ ನೀರು ತಾಗಿದ ಕಡೆಯೆಲ್ಲ ಕೆಂಪು ಕೆಂಪು. ಒಂದು ಮೂಲೆಯ ಬಿಲ್ವಪತ್ರೆ ಮಾತ್ರ ಹೇಗೋ ಶುಚಿಯಾಗಿ ಉಳಿದಿತ್ತು. ಎತ್ತಿಕೊಂಡು ತೊಳೆಯಬಹುದಿತ್ತು. ಗಂಜಿ ಬಿಡುತ್ತಿತ್ತು, ನಿಂಬೆಹುಳಿಗೆ ಹಳದಿ ಬರುತ್ತಿತ್ತು. ನಾನು ಮೂಗಿಗೆ ಸೆರಗು ಹಿಡಿದುಕೊಂಡು, ಅತ್ತಿಗೆ ಈ ಕಡೆ ಬಂದರೆ ಕಾಣಬಾರದೆಂದು, ಅದನ್ನು ಕಾಲ ಬೆರಳಿನಿಂದ ಎಲೆಗಳ ಅಡಿಗೆ ತಳ್ಳಿದೆ. ಎಂಜಲಿಗೆ ಸೂತಕವಿಲ್ಲ ಎಂದು ಭಾಷಣ ಮಾಡುತ್ತಿದ್ದವಳ ಕಾಲು ಅದು. ರೇಷ್ಮೆ ಸೀರೆಗೆ ಕಲೆಯಾದೀತೆಂದು ಎಚ್ಚರಿಕೆಯಿಂದ ತಳ್ಳಿತು.

ಒಂದು ಸುಳ್ಳಿಗೆ ಎಷ್ಟು ಚಾಕರಿ! ಆಲ್ಬಮ್ಮಿಗೆ ಫೋಟೋ ಆರಿಸುವ ಕೆಲಸ ನಾನೇ ಮೇಲೆ ಬಿದ್ದು ವಹಿಸಿಕೊಂಡೆ. ಸ್ಯಾಟಿನ್ ಕಾಣುವ ಫೋಟೋ ಒಂದನ್ನೂ ಅದರಲ್ಲಿ ಸೇರಿಸಲಿಲ್ಲ. ಅತ್ತಿಗೆ ತೆರೆ ಎಲ್ಲಿ ಎಂದಾಗ, ನನ್ನ ಬೀರುವಿನಲ್ಲಿ ಭದ್ರವಾಗಿದೆ ಎಂದೆ.

ಒಂದೂವರೆ ವರ್ಷಕ್ಕೆ ಪವಿತ್ರಳಿಗೆ ಹೆಣ್ಣುಮಗು ಹುಟ್ಟಿತು. ಬಾಣಂತನ ಹೆಮ್ಮರಗಾಲದಲ್ಲಿ. ಅತ್ತಿಗೆ ಫೋನ್ ಮಾಡಿದಳು: ತೊಟ್ಟಿಲು ಶಾಸ್ತ್ರ ಹತ್ತಿರ ಬಂತು, ತೆರೆ ತೆಗೆದುಕೊಂಡು ಬಾ. ಆಗ ಹೇಳಬಹುದಿತ್ತು. ನಾನು ಅಂಗಡಿಗೆ ಹೋದೆ. ಹಳದಿ ಬಣ್ಣದ ಒಂದು ಕಾಟನ್ ಬಟ್ಟೆ ಆರಿಸಿದೆ — ಅತ್ತಿಗೆ ಮೂರು ಅಂಗಡಿ ಸುತ್ತಿ ಆರಿಸಿದ್ದನ್ನು ನಾನು ಐದು ನಿಮಿಷದಲ್ಲಿ ಆರಿಸಿದೆ. ಕೆಂಪು ದಾರದ ಅಂಚು ಹೊಲಿದೆ, ನಾಲ್ಕು ಮೂಲೆಗೆ ಎಲೆ ಹೊಲಿದೆ. ಹಳೆಯದಾಗಿ ಕಾಣಲೆಂದು ನೀರಲ್ಲಿ ಹಿಂಡಿ ಹಿಂಡಿ ಸುಕ್ಕು ಮಾಡಿದೆ. ಇನ್ನೂ ಕೇಳಿ: ಮಡಿಕೆಯೊಳಗೆ ಒಂದು ಚಿಟಿಕೆ ಜೀರಿಗೆ ಬೆಲ್ಲ ಉದುರಿಸಿದೆ. ಧಾರೆಯ ದಿನದ್ದೇ ಉಳಿದುಕೊಂಡಿದೆ ಎನ್ನುವ ಹಾಗೆ. ಈ ಬುದ್ಧಿವಂತಿಕೆಗೆ ಏನೆನ್ನುತ್ತೀರಿ?

ಅತ್ತಿಗೆ ಬಟ್ಟೆಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ, “ಎಳೆ ಮಗೀಗೆ ಆಸೋದು, ಒಂದ್ಸಲ ಸೋಪ್ ಆಕ್ಬುಡ್ತೀನಿ” ಎಂದು ಒಗೆಯುವ ಕಲ್ಲಿನ ಹತ್ತಿರ ಹೋದಳು. ನಾನು ಹಿಂದೆಯೇ ಹೋದೆ, ಕಾಫಿ ಲೋಟ ಕೈಯಲ್ಲಿ. ಸೋಪು ಬಟ್ಟೆಗೆ ತಾಗಿದ ಕ್ಷಣ ನನಗೆ ನೆನಪಾಯಿತು.

ನೊರೆ ಬಂತು. ಬಟ್ಟೆ ಹಳದಿಯಾಗಿಯೇ ಇತ್ತು. ಅವಳು ಇನ್ನೊಂದು ಸಲ ಉಜ್ಜಿ, ಕೈ ಬಿಟ್ಟು, ಕಾದಳು. ಕೆಂಪಾಗಲಿಲ್ಲ. ಒಂದು ಮೂಲೆ ತೆಗೆದುಕೊಂಡು ನನ್ನ ಬಿಲ್ವಪತ್ರೆಯ ಮೇಲೆ ಹೆಬ್ಬೆರಳು ಆಡಿಸಿದಳು. ನನ್ನ ಮುಖ ನೋಡಲಿಲ್ಲ.

“ಬಣ್ಣ ಬಲೇ ಗಟ್ಟಿ ಕಣವ್ವ” ಎಂದಳು. ಹಿಂಡಿ ತಂತಿಯ ಮೇಲೆ ಹಾಕಿದಳು.

ಶಾಸ್ತ್ರದ ದಿನ ಅದನ್ನೇ ತೊಟ್ಟಿಲಿಗೆ ಹಾಸಿದಳು. ನರಸೀಪುರದಿಂದ ಎಲ್ಲರೂ ಬಂದಿದ್ದರು. ಮಲ್ಲಮ್ಮನವರು ಮಗುವನ್ನು ಮಲಗಿಸಲು ಬಗ್ಗಿದವರು ಬಟ್ಟೆ ನೋಡಿ ನಿಂತರು. “ಟೀಚರಮ್ಮ, ಇದು ಅವತ್ತು ಬುಟ್ಟಿ ಮುಚ್ಚಕ್ಕೆ ತಂದಿದ್ರಲ್ಲ, ಆ ಬಟ್ಟೆ ಇದ್ದಂಗದೆ? ಅದು ಇನ್ನೂ ಚೆಂದಾಗಿತ್ತು ಬುಡಿ. ಇಂತಾ ಕೆಲ್ಸ ಬರೋರ ಕೈಲಿ ನಮ್ ಮೊಮ್ಮಗೀಗೂ ಒಂದು ತೆರೆ ಒಲಿಸ್ಬೇಕು ಅಂತ ಅವತ್ತು ಕೇಳ್ದೆ, ಯಾರು ಒಲ್ದಿದ್ದು ಅಂತ. ನೀವು ಏಳ್ನೇ ಇಲ್ಲ.”

ಇಷ್ಟೇ. ಅವತ್ತು ಅವರು ಕೇಳಿದ್ದು ಮೆಚ್ಚಿಕೊಂಡು. ಕೊಳಕು ಅವರ ಬಾಯಲ್ಲಿರಲಿಲ್ಲ, ನನ್ನ ತಲೆಯಲ್ಲಿತ್ತು.

ಅತ್ತಿಗೆ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಳು. ಬುಟ್ಟಿ ಮುಚ್ಚುವ ಬಟ್ಟೆ ಎಂಬ ಮಾತು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಪವಿತ್ರ ನನ್ನನ್ನೇ ನೋಡುತ್ತಿದ್ದಳು. ಸಾರು ಚೆಲ್ಲಿತು ಎಂದಿದ್ದೆನಲ್ಲ. ನನ್ನ ಬಾಯಿ ತೆರೆಯಲಿಲ್ಲ. ಊರೆಲ್ಲ ಮಾತಾಡುವ ಬಾಯಿ, ಅಲ್ಲಿ ತೆರೆಯಲಿಲ್ಲ.

ಅತ್ತಿಗೆಯೇ ಹೇಳಿದಳು. “ನಾನೇ ಒಲ್ದಿದ್ದು ಅಕ್ಕ. ಬುಟ್ಟಿ ಮುಚ್ಚಕ್ಕೆ ಅಂತ್ಲೇ ಒಲ್ದಿದ್ದೆ.”

ನನ್ನ ಮರ್ಯಾದೆ ಉಳಿಸಲು ತನ್ನ ತೆರೆಯನ್ನು ತಾನೇ ಬುಟ್ಟಿಯ ಬಟ್ಟೆ ಮಾಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾರನೆಯ ದಿನ ನಾನು ಹೊರಡುವಾಗ ಅವಳು ಆ ಬಟ್ಟೆಯನ್ನು ಮಡಿಸಿ ನನ್ನ ಚೀಲಕ್ಕೆ ಹಾಕಿದಳು. “ಇದು ನಿಂದು. ನೀನೇ ಮಡಿಕ್ಕೊ” ಎಂದಳು. ಜೊತೆಗೆ ಒಂದು ಡಬ್ಬಿ ಉಪ್ಪಿನಕಾಯಿಯನ್ನೂ ಇಟ್ಟಳು. ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಪವಿತ್ರ ಮಾತ್ರ ಅಂದಿನಿಂದ ನನ್ನ ಹತ್ತಿರ ಅಳತೆಯಲ್ಲಿ ಮಾತಾಡುತ್ತಾಳೆ. ನಾನು? ಅದಾದ ಮೇಲೂ ಎರಡು ವರ್ಷ ಮಠದಲ್ಲಿ ಐದು ಬೆರಳು ಮಡಿಸಿ ಎಣಿಸುತ್ತಲೇ ಇದ್ದೆ. ನಾಚಿಕೆ ಬರಲು ಅಷ್ಟು ದಿನ ಬೇಕಾಯಿತು.

ಈಗ ಮಲ್ಲಮ್ಮನವರ ಮೊಮ್ಮಗಳಿಗೆ ಮದುವೆ ಗೊತ್ತಾಗಿದೆ. ಅವರು ಹೆಮ್ಮರಗಾಲಕ್ಕೇ ಹೋಗಿ, ತೆರೆಯನ್ನು ನೀವೇ ಹೊಲಿದುಕೊಡಬೇಕು ಎಂದು ಅತ್ತಿಗೆಯನ್ನು ಕೇಳಿದ್ದಾರೆ. ಅತ್ತಿಗೆ ಒಪ್ಪಿದ್ದಾಳೆ. ಮೊನ್ನೆ ಫೋನ್ ಮಾಡಿದ್ದಳು. “ಸೋಮ್ವಾರ ತಗಡೂರಿಗೆ ಬಾ ಗಿರಿಜ, ಬಟ್ಟೆ ಆರ್ಸಕ್ಕೆ. ಮಲ್ಲಮ್ಮಕ್ಕನೂ ಬತ್ತಾರೆ. ಆಚೆಗ್ ನಿಂತ್ಕಳಕ್ಕೆ ಒಬ್ರು ಬೇಕಲ್ಲ.”

ಹೋಗುತ್ತೇನೆ. ಬೀರುವಿನಿಂದ ಆ ಬಟ್ಟೆ ತೆಗೆದು ಚೀಲದಲ್ಲಿ ಇಟ್ಟಿದ್ದೇನೆ. ಇಷ್ಟು ವರ್ಷವಾದರೂ ಅದರ ಹಳದಿ ಒಂದಿಷ್ಟೂ ಮಾಸಿಲ್ಲ. ಅತ್ತಿಗೆಗೆ ಗೊತ್ತಿರುವುದು ಅರ್ಧ. ಅಡಿಗೆಯವನು ಎಳೆದುಕೊಂಡು ಹೋಗುವಾಗ ನಾನು ನೋಡುತ್ತಾ ಕುಳಿತದ್ದು ಗೊತ್ತಿಲ್ಲ. ಎಂಜಲೆಲೆಗಳ ಅಡಿಗೆ ಕಾಲಿನಿಂದ ತಳ್ಳಿದ್ದು ಗೊತ್ತಿಲ್ಲ. ಅದನ್ನು ಹೇಳಬೇಕು, ಮಲ್ಲಮ್ಮನವರ ಎದುರಿಗೇ ಹೇಳಬೇಕು. ಆಮೇಲೆ ಅವಳು ನನ್ನನ್ನು ಕರೆಯದಿದ್ದರೆ, ಬೇಡ.

ಅವಳು ಬಾಗಿಲ ಬಿಸಿಲಿಗೆ ಬಟ್ಟೆ ಹಿಡಿದು, ‘ನಾನ್ ಕಾಣ್ತೀನಾ’ ಎಂದು ಕೇಳುತ್ತಾಳೆ. ಆಗ ಬಟ್ಟೆಯ ಹಿಂದೆ ನಿಂತೇ ಹೇಳಿಬಿಡುವುದು ಸುಲಭ, ಮುಖ ಕಾಣುವುದಿಲ್ಲ. ಹಾಗೆ ಮಾಡುವುದಿಲ್ಲ. ಅವಳು ಬಟ್ಟೆ ಕೆಳಗಿಳಿಸುವವರೆಗೂ ಕಾಯುತ್ತೇನೆ.